ಹಕ್‌ದಾರ ಯಾರು? 'ಸೂಪರ್ 30' ಚಿತ್ರದ ಸುತ್ತ

ಇತ್ತೀಚೆಗೆ ನಾವು ಕೆಲವರು ಬಡ ಮಕ್ಕಳ ಒಂದು ಹಾಸ್ಟೆಲಿನಲ್ಲಿ ಹೈಸ್ಕೂಲು ಹುಡುಗರ ಜೊತೆ ಕುಳಿತು 'ಸೂಪರ್ 30' ಚಿತ್ರವನ್ನು ಮತ್ತೊಮ್ಮೆ ನೋಡಿದೆವು. ಕೊನೆಯಲ್ಲಿ ಮೂವತ್ತು ಮಂದಿಯೂ ಐಐಟಿ ಪ್ರವೇಶ ಪರೀಕ್ಷೆ ಪಾಸಾದಾಗ ಜೋರಾಗಿ ಚಪ್ಪಾಳೆ ಬಿತ್ತು. ನಮ್ಮ ಕಣ್ಣೂ ಒದ್ದೆಯಾಗಿತ್ತು. ದೀಪ ಹಾಕಿದ ಮೇಲೆ ಒಂಬತ್ತನೇ ತರಗತಿಯ ಒಬ್ಬ ಹುಡುಗನನ್ನು, ಹೇಗಿತ್ತು ಎಂದು ಕೇಳಿದೆವು. "ಚೆನ್ನಾಗಿತ್ತು ಸರ್. ಆದ್ರೆ ಮೊದ್ಲು ಒಂದು ಪರೀಕ್ಷೆ ಇಟ್ರಲ್ಲ, ಅದ್ರಲ್ಲೇ ನಾನು ಹೊರಗೆ ಹೋಗ್ತಿದ್ದೆ" ಎಂದ. ದುಃಖದಿಂದ ಹೇಳಿದ ಮಾತಲ್ಲ, ಲೆಕ್ಕ ಹಾಕಿ ಹೇಳಿದ್ದು. ವಿಮರ್ಶಕರಾದ ನಮಗೆ ಹೊಳೆಯದಿದ್ದ ಪ್ರಶ್ನೆಯನ್ನು ಅವನು ಎತ್ತಿಕೊಟ್ಟಿದ್ದ.

2019ರಲ್ಲಿ ಬಿಡುಗಡೆಯಾದ, ವಿಕಾಸ್ ಬಹ್ಲ್ ನಿರ್ದೇಶನದ ಈ ಚಿತ್ರ ಪಾಟ್ನಾದ ಗಣಿತ ಶಿಕ್ಷಕ ಆನಂದ್ ಕುಮಾರ್ ಅವರ ಬದುಕನ್ನು ಆಧರಿಸಿದೆ. ಚಿತ್ರದ ಮೊದಲ ಭಾಗ ನಿಜಕ್ಕೂ ಚೆನ್ನಾಗಿದೆ. ಅಂಚೆ ಇಲಾಖೆಯ ಸಣ್ಣ ನೌಕರನ ಮಗನಿಗೆ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗುತ್ತದೆ, ಹೋಗಲು ಹಣ ಸಿಗುವುದಿಲ್ಲ. ತಂದೆ ತೀರಿಕೊಳ್ಳುತ್ತಾರೆ. ತಾಯಿ ಮಾಡಿದ ಹಪ್ಪಳವನ್ನು ಮಗ ಬೀದಿಯಲ್ಲಿ ಮಾರುತ್ತಾನೆ. ಇದು ಹಳೆಯ ಕಾಲದ ಕಥೆಯೆಂದು ಯಾರೂ ಭಾವಿಸಬೇಕಿಲ್ಲ. 2024ರಲ್ಲಿ ಉತ್ತರ ಪ್ರದೇಶದ ಒಬ್ಬ ದಿನಗೂಲಿಯ ಮಗನಿಗೆ ಧನಬಾದ್ ಐಐಟಿಯಲ್ಲಿ ಸೀಟು ಸಿಕ್ಕಿತ್ತು. 17,500 ರೂಪಾಯಿ ಶುಲ್ಕವನ್ನು ಗಡುವಿನೊಳಗೆ ಕಟ್ಟಲಾಗದೆ ಅದು ಕೈತಪ್ಪಿತು. ಸೀಟು ಮರಳಿ ಪಡೆಯಲು ಆ ದಲಿತ ಹುಡುಗ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಬಡವನ ಪ್ರತಿಭೆಗೆ ಬೀಗ ಬೀಳುವುದು ಎಷ್ಟು ಸಣ್ಣ ಮೊತ್ತಕ್ಕೆ ಎಂಬುದನ್ನು ತೋರಿಸುವಲ್ಲಿ ಚಿತ್ರ ಪ್ರಾಮಾಣಿಕವಾಗಿದೆ.

ದಾರಿ ತಪ್ಪುವುದು ಆಮೇಲೆ. ನಾಯಕನ ಮುಖಕ್ಕೆ ಕಪ್ಪು ಬಳಿದರೆ ಬಡವ ಸಿದ್ಧನಾಗುತ್ತಾನೆ ಎಂದು ನಂಬಿದ ಚಿತ್ರವಿದು. ಕೋಚಿಂಗ್ ದಂಧೆಯ ಧಣಿ, ಅವನ ಬೆನ್ನಿಗೆ ಮಂತ್ರಿ, ಕೊನೆಗೆ ಗೂಂಡಾಗಳ ದಾಳಿ. ಈ ಗದ್ದಲದಲ್ಲಿ ಎರಡು ಸಂಗತಿಗಳು ಮರೆಯಾಗಿವೆ. ಒಂದು, 2002ರಲ್ಲಿ ಸೂಪರ್ 30 ಶುರುವಾದಾಗ ಆನಂದ್ ಕುಮಾರ್ ಒಬ್ಬರೇ ಇರಲಿಲ್ಲ. ಪೊಲೀಸ್ ಅಧಿಕಾರಿ ಅಭಯಾನಂದ್ ಅವರೂ ಜೊತೆಗಿದ್ದು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟಿದ್ದರು. ಚಿತ್ರದಲ್ಲಿ ಅವರಿಗೆ ಜಾಗವಿಲ್ಲ. ಇನ್ನೊಂದು, ಮೊದಲ ತಂಡದ ಮೂವತ್ತೂ ಮಂದಿ ಪಾಸಾಗಲಿಲ್ಲ. 2003ರಲ್ಲಿ ಪಾಸಾದವರು 18 ಮಂದಿ. ಮೂವತ್ತಕ್ಕೆ ಮೂವತ್ತು ಬಂದದ್ದು 2008ರಲ್ಲಿ. ಹಸಿವು, ಸೋಲು, ತಿದ್ದಿಕೊಳ್ಳುವಿಕೆಗಳ ಐದು ವರ್ಷಗಳನ್ನು ಚಿತ್ರ ಒಂದೇ ವರ್ಷದ ಪವಾಡವಾಗಿ ಕುಗ್ಗಿಸಿತು. ಹನ್ನೆರಡು ಮಕ್ಕಳ ಸೋಲು ಅಷ್ಟು ನಾಚಿಕೆಯ ವಿಷಯವೇ?

ಚಿತ್ರದ ಬೀಜಮಂತ್ರದಂತೆ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ರಾಜನ ಮಗನೆಂದ ಮಾತ್ರಕ್ಕೆ ಯಾರೂ ರಾಜನಾಗುವುದಿಲ್ಲ, ಹಕ್‌ದಾರನಾದವನೇ ರಾಜನಾಗುತ್ತಾನೆ ಎಂಬುದು ಅದರ ಸಾರ. ಕೇಳಲು ಕ್ರಾಂತಿಕಾರಿ ಮಾತು. ಆದರೆ 'ಹಕ್‌ದಾರ' ಎಂಬ ಪದವನ್ನು ಸ್ವಲ್ಪ ನಿಂತು ನೋಡೋಣ. ನಮ್ಮ ಕನ್ನಡದ 'ಹಕ್ಕು' ಬಂದದ್ದು ಇದೇ ಅರಬ್ಬಿಯ 'ಹಕ್'ನಿಂದ. ಹಕ್ಕು ಎಂದರೆ ಗೆದ್ದು ಪಡೆಯುವ ಬಹುಮಾನವಲ್ಲ, ಮೊದಲೇ ನಮಗೆ ಸಲ್ಲಬೇಕಾಗಿರುವಂಥದು. ಚಿತ್ರದಲ್ಲಿ ಮಾತ್ರ ಪರೀಕ್ಷೆ ಗೆದ್ದವನೇ ಹಕ್‌ದಾರ. ರಾಜನ ಮಗನ ಜಾಗಕ್ಕೆ ರ‍್ಯಾಂಕು ಬಂದು ಕೂರುತ್ತದೆ, ಸಿಂಹಾಸನ ಹಾಗೆಯೇ ಉಳಿಯುತ್ತದೆ. ಹೊರಗೆ ಉಳಿದ ಸಾವಿರಾರು ಮಕ್ಕಳು ಹಕ್ಕಿಲ್ಲದವರು ಎಂದಾಯಿತಲ್ಲ!

ಇಲ್ಲಿ ನಮಗೆ ಇನ್ನೊಂದು ಚಿತ್ರ ನೆನಪಾಗುತ್ತದೆ. 1988ರಲ್ಲಿ ಬಂದ ಅಮೆರಿಕದ 'ಸ್ಟ್ಯಾಂಡ್ ಆ್ಯಂಡ್ ಡೆಲಿವರ್'. ಇದೂ ಒಬ್ಬ ಗಣಿತ ಶಿಕ್ಷಕನ ನಿಜಕಥೆಯೇ. ಬೊಲಿವಿಯಾದಿಂದ ವಲಸೆ ಬಂದ ಹೈಮೆ ಎಸ್ಕಲಾಂತೆ 1974ರಲ್ಲಿ ಪೂರ್ವ ಲಾಸ್ ಏಂಜಲಿಸಿನ ಗಾರ್‌ಫೀಲ್ಡ್ ಹೈಸ್ಕೂಲಿಗೆ ಸೇರಿದರು. ಅದು ಮೆಕ್ಸಿಕನ್ ಮೂಲದ ಬಡ ಕಾರ್ಮಿಕರ ಮಕ್ಕಳ ಸರಕಾರಿ ಶಾಲೆ. ಹೈಸ್ಕೂಲಿನಲ್ಲಿರುವಾಗಲೇ ಕಾಲೇಜು ಮಟ್ಟದ ಕ್ಯಾಲ್ಕ್ಯುಲಸ್ ಪರೀಕ್ಷೆ ಬರೆಯಲು ಅಲ್ಲಿ ಅವಕಾಶವಿದೆ. 1982ರಲ್ಲಿ ಈ ಶಾಲೆಯ 18 ಮಕ್ಕಳು ಅದರಲ್ಲಿ ಪಾಸಾದರು. ಇಂಥ ಮಕ್ಕಳು ಪಾಸಾಗಲು ಸಾಧ್ಯವೇ? ಪರೀಕ್ಷೆ ನಡೆಸುವ ಸಂಸ್ಥೆ 14 ಮಂದಿಯ ಮೇಲೆ ನಕಲಿನ ಶಂಕೆ ಹೊರಿಸಿತು. ಅವರಲ್ಲಿ 12 ಮಂದಿ ಮತ್ತೆ ಪರೀಕ್ಷೆ ಬರೆದರು. ಹನ್ನೆರಡೂ ಮಂದಿ ಪಾಸಾದರು.

ಆ ಚಿತ್ರವೂ ಕಾಲವನ್ನು ಕುಗ್ಗಿಸಿದೆ. ಭಿನ್ನರಾಶಿ ಬಾರದ ಮಕ್ಕಳು ಎರಡೇ ವರ್ಷದಲ್ಲಿ ಕ್ಯಾಲ್ಕ್ಯುಲಸ್ ಗೆದ್ದಂತೆ ಅದು ತೋರಿಸುತ್ತದೆ. ಆದರೆ 1979ರಲ್ಲಿ ಎಸ್ಕಲಾಂತೆ ಅವರ ಮೊದಲ ತಂಡದಲ್ಲಿ ಕೊನೆಗೆ ಉಳಿದವರು ಐವರು, ಪಾಸಾದವರು ಇಬ್ಬರು. ಅವರು ಮಾಡಿದ ದೊಡ್ಡ ಕೆಲಸ ಪರದೆಯ ಮೇಲೆ ಕಾಣುವುದೇ ಇಲ್ಲ. ಕೆಳಗಿನ ತರಗತಿಗಳ ಗಣಿತವನ್ನು ಅವರು ಮೊದಲು ಗಟ್ಟಿ ಮಾಡಿದರು. ಹತ್ತಿರದ ಕಾಲೇಜಿನಲ್ಲಿ ಬೇಸಿಗೆ ತರಗತಿ ನಡೆಸಿದರು. ಜೊತೆಗೆ ಇನ್ನೊಬ್ಬ ಶಿಕ್ಷಕರನ್ನು ಬೆಳೆಸಿದರು. ಬೆನ್ನಿಗೆ ನಿಂತ ಮುಖ್ಯೋಪಾಧ್ಯಾಯರಿದ್ದರು. ಕಲಿಯುವ ಮನಸ್ಸುಳ್ಳ ಯಾರೂ ಬರಬಹುದಿತ್ತು, ಅಳೆದು ಸೋಸಿ ತೆಗೆಯುವ ಪದ್ಧತಿ ಇರಲಿಲ್ಲ. 1987ರ ಹೊತ್ತಿಗೆ ಆ ಒಂದೇ ಶಾಲೆಯಲ್ಲಿ ಈ ಪರೀಕ್ಷೆ ಪಾಸಾದವರು ಎಂಬತ್ತಕ್ಕೂ ಹೆಚ್ಚು. ಆ ಮುಖ್ಯೋಪಾಧ್ಯಾಯರು ಹೋದರು, 1991ರಲ್ಲಿ ಎಸ್ಕಲಾಂತೆಯೂ ಬಿಟ್ಟರು, ಕಟ್ಟಿದ್ದು ಕುಸಿಯಿತು. ವ್ಯಕ್ತಿಯನ್ನು ಮೆರೆಸಿ ವ್ಯವಸ್ಥೆಯನ್ನು ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ಮಾತುಗಳನ್ನು ನಾವು ಬರೀ ಚಿತ್ರರಂಗಕ್ಕೆ ಹೇಳುತ್ತಿಲ್ಲ, ನಮಗೂ ಹೇಳಿಕೊಳ್ಳುತ್ತಿದ್ದೇವೆ. ಮೌಲಾನಾ ವಲಿ ರಹ್ಮಾನಿ ಅವರು ಇದೇ ಅಭಯಾನಂದ್ ಅವರ ನೆರವಿನಿಂದ 2008ರಲ್ಲಿ ಪಾಟ್ನಾದಲ್ಲಿ 'ರಹ್ಮಾನಿ 30' ಆರಂಭಿಸಿದರು. ಖಾನ್‌ಖಾಹ್‌ನ ಹಿರಿಯರೊಬ್ಬರು ಗಣಿತ, ಭೌತಶಾಸ್ತ್ರಗಳ ಕಡೆಗೆ ಸಮುದಾಯದ ಮಕ್ಕಳ ಕೈಹಿಡಿದು ನಡೆಸಿದ್ದು ಸಣ್ಣ ಸಂಗತಿಯಲ್ಲ. ಅಲ್ಲಿಂದ ಐಐಟಿಗೆ ಹೋದ ಪ್ರತಿಯೊಬ್ಬನ ಬಗೆಗೂ ನಮಗೆ ಹೆಮ್ಮೆಯಿದೆ. ಆದರೆ ಅದಕ್ಕೆ ಎರಡು ವರ್ಷ ಮೊದಲೇ, 2006ರಲ್ಲಿ, ಸಾಚಾರ್ ಸಮಿತಿ ಹೇಳಿದ್ದೇನು? 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಯ ಮೆಟ್ಟಿಲು ಹತ್ತಿಯೇ ಇಲ್ಲ, ಇಲ್ಲವೇ ನಡುವೆ ಬಿಟ್ಟಿದ್ದಾರೆ ಎಂದು. ಕೊಡದ ತಳದಲ್ಲಿ ತೂತಿರುವಾಗ ನಾವು ಬಾಯಿಗೆ ಬೆಳ್ಳಿಯ ಕಟ್ಟು ಹಾಕಿಸುತ್ತಿದ್ದೇವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಹಕ್ಕೂ 14ನೇ ವಯಸ್ಸಿಗೆ ನಿಂತುಬಿಡುತ್ತದೆ. ಬಡವನ ಮಗ, ಮಗಳು ಅತ್ಯಂತ ಒಂಟಿಯಾಗುವುದು ಸರಿಯಾಗಿ ಆ ಒಂಬತ್ತನೇ ತರಗತಿಯಲ್ಲೇ.

ಪ್ರತಿ ವರ್ಷ ಫಲಿತಾಂಶ ಬಂದೊಡನೆ ನಮ್ಮ ಊರೂರಿನ ಸಂಘ-ಸಂಸ್ಥೆಗಳು ಪ್ರತಿಭಾ ಪುರಸ್ಕಾರ ನಡೆಸುತ್ತವೆ. ಶೇ. 95 ಪಡೆದವರಿಗೆ ಶಾಲು, ಸ್ಮರಣಿಕೆ, ಗಣ್ಯರ ಭಾಷಣ. ನಾವೂ ಅಂಥ ವೇದಿಕೆಗಳಲ್ಲಿ ಕುಳಿತವರೇ. ಆ ಖರ್ಚಿನ ಅರ್ಧದಲ್ಲಿ ಒಂದು ಬಡಾವಣೆಯ ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ ಸಂಜೆ ಬೀಜಗಣಿತ ಹೇಳಿಕೊಡುವ ಒಬ್ಬ ಶಿಕ್ಷಕರನ್ನು ವರ್ಷವಿಡೀ ನೇಮಿಸಬಹುದಲ್ಲವೇ? ಅದರಲ್ಲಿ ಫೋಟೋ ಇಲ್ಲ, ಚಪ್ಪಾಳೆಯಿಲ್ಲ. ಫಲ ಕಾಣಲು ಐದಾರು ವರ್ಷ ಕಾಯಬೇಕು.

'ಸೂಪರ್ 30' ಚಿತ್ರವನ್ನು ನೋಡಬಾರದೆಂದು ನಾವು ಹೇಳುವುದಿಲ್ಲ. ಮಕ್ಕಳಿಗೆ ತೋರಿಸಿ. ಚಿತ್ರ ಮುಗಿದ ಮೇಲೆ ದೀಪ ಹಾಕಿ, ಆ ಮೊದಲ ಪರೀಕ್ಷೆಯಲ್ಲಿ ಹೊರಗೆ ಹೋದವರ ಬಗ್ಗೆ ಅವರೊಡನೆ ಮಾತಾಡಿ. ನಮ್ಮ ಹಾಸ್ಟೆಲಿನ ಹುಡುಗ ಮರುದಿನ ಭಿನ್ನರಾಶಿಯ ಲೆಕ್ಕವೊಂದನ್ನು ಹಿಡಿದುಕೊಂಡು ನಮ್ಮಲ್ಲೊಬ್ಬರ ಬಳಿಗೆ ಬಂದ. ಅವನೂ ಹಕ್‌ದಾರನೇ.