‘ರಾಜಕೀಯ ಮತ’: ಒಂದು ಪದದ ವಿಚಾರ

ವಿಯೆನ್ನಾದ ಅಧ್ಯಾಪಕ ಎರಿಕ್ ಫೋಗೆಲಿನ್ ಅವರು ‘ರಾಜಕೀಯ ಮತಗಳು’ ಎಂಬ ಕಿರುಗ್ರಂಥವನ್ನು ಪ್ರಕಟಿಸಿದುದು 1938ರಲ್ಲಿ. ಹಿಟ್ಲರನ ಸೇನೆ ಆ ನಗರವನ್ನು ಹೊಕ್ಕ ವರ್ಷವೂ ಅದೇ. ಅದೇ ವರ್ಷ ಅವರು ದೇಶಬಿಟ್ಟು ಪಾರಾದರು. (‘ರಾಜಕೀಯ ಧರ್ಮ’ವೆಂದು ಅನುವಾದಿಸಿದರೆ ನಮ್ಮವರು ರಾಜಧರ್ಮವೆಂದು ತಿಳಿದಾರು, ‘ಮತ’ವೇ ಲೇಸು.)

ಲೋಕಾತೀತ ಪರತತ್ತ್ವವನ್ನು ಅರಸುವ ಮತ ಒಂದು ಬಗೆ. ರಾಷ್ಟ್ರ, ಜನಾಂಗ, ವರ್ಗಗಳಂಥ ಲೌಕಿಕ ವಸ್ತುಗಳಿಗೇ ದೈವತ್ವವನ್ನು ಆರೋಪಿಸುವ ಮತ ಇನ್ನೊಂದು ಬಗೆ ಎಂಬುದು ಅವರ ವಾದ. ಐಹಿಕೀಕರಣವು ರಾಜ್ಯವ್ಯವಹಾರದಿಂದ ದೇವರನ್ನು ತೊಲಗಿಸಿತಾದರೂ ಆ ಪೀಠ ಬರಿದಾಗಿ ಉಳಿಯಲಿಲ್ಲವೆಂದು ಇದರ ತಾತ್ಪರ್ಯ. ನಾಜಿ ಉನ್ಮಾದವನ್ನು ಕೇವಲ ಆರ್ಥಿಕ ಸಂಕಟದಿಂದ ವಿವರಿಸಹೊರಟವರು ಕಾಣದುದನ್ನು ಇವರು ಕಂಡರು. ಭಕ್ತರಾದ ನಮಗೆ ಈ ಮಾತು ಒಡನೆಯೇ ರುಚಿಸುತ್ತದೆ. ರುಚಿಸುವುದರಿಂದಲೇ ಎಚ್ಚರವೂ ಬೇಕು.

ಒಂದೇ ಕಾರ್ಯವನ್ನು ಮಾಡುವುವೆಂಬ ಮಾತ್ರಕ್ಕೆ ಎರಡು ವಸ್ತುಗಳು ಒಂದೇ ಆಗವೆಂದು ರಾಜಕೀಯ ಚಿಂತಕಿ ಹನ್ನಾ ಆರೆಂಟ್ 1953ರಲ್ಲಿ ಇಂಥ ವಾದಗಳನ್ನು ಆಕ್ಷೇಪಿಸಿದರು. ಆಕ್ಷೇಪವು ಯುಕ್ತವೆಂದೇ ನನ್ನ ಅಭಿಪ್ರಾಯ. ಧ್ವಜ, ಘೋಷ, ಮೆರವಣಿಗೆಗಳನ್ನು ಕಂಡು ಮತವೆಂದರೆ, ಪೂಜೆಯ ಉಪಕರಣಗಳನ್ನೇ ಪೂಜೆಯೆಂದು ಎಣಿಸಿದಂತಾಯಿತು. ಭಕ್ತನು ತನ್ನ ದೈವದೊಡನೆ ಜಗಳವಾಡಬಲ್ಲನು. ಹಿಟ್ಲರನೊಡನೆ ಜಗಳವಾಡಿದವರಿಗೆ ಒದಗಿದುದು ಸೆರೆಮನೆ. ಈ ಭೇದವನ್ನು ಫೋಗೆಲಿನ್ ಅವರ ಪದ ಮರೆಸುತ್ತದೆ. ‘ಮತ’ವೆಂಬ ಪದ ತೀರ ಅಸ್ಪಷ್ಟವೆಂದು ಮುಂದೆ ಅವರೇ ಒಪ್ಪಿಕೊಂಡರು.