ಕಬಡ್ಡಿ ನೋಡುವ ಬಗೆ: ಎರಡು ರೈಡ್‌ಗಳ ನಡುವಿನ ಐದು ಸೆಕೆಂಡು

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಇದೆ ಎಂದರೆ ಜನ ಊಟ ಮುಗಿಸಿಕೊಂಡೇ ಬಂದು ಕೂರುತ್ತಾರೆ. ಹೊಸಬರ ಕಣ್ಣೆಲ್ಲ ರೈಡರ್ ಮೇಲೆ. ಅವನು ನಡುಗೆರೆ ಮುಟ್ಟಿದ್ದೇ ತಡ, ಕೂಗು ಹಾಕಿ ಪಕ್ಕದವರ ಜೊತೆ ಮಾತಿಗಿಳಿಯುತ್ತಾರೆ. ಆಟದ ಲೆಕ್ಕ ನಡೆಯುವುದು ಆ ಹೊತ್ತಿನಲ್ಲೇ. ಒಂದು ರೈಡ್ ಮುಗಿದ ಮೇಲೆ ಮುಂದಿನ ರೈಡರ್‌ನನ್ನು ಕಳಿಸಲು ಇರುವ ಸಮಯ 5 ಸೆಕೆಂಡು. ಅಷ್ಟರಲ್ಲಿ ತೀರ್ಪುಗಾರರು ಏನೇನು ಮಾಡುತ್ತಾರೆಂದು ನೋಡಲು ಕಲಿತರೆ ಕಬಡ್ಡಿ ಪೂರ್ತಿ ಕಾಣತೊಡಗುತ್ತದೆ.

ಯಾರು ಎಲ್ಲಿದ್ದಾರೆ?

ರೆಫ್ರಿ ಒಬ್ಬರು, ಅಂಕಣದ ಎರಡು ಪಕ್ಕಕ್ಕೆ ಇಬ್ಬರು ಅಂಪೈರ್‌ಗಳು, ಮೇಜಿನ ಮುಂದೆ ಸ್ಕೋರರ್, ಎರಡೂ ತುದಿಗಳಲ್ಲಿ ಒಬ್ಬೊಬ್ಬ ಸಹಾಯಕ ಸ್ಕೋರರ್. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಷ್ಟು ಜಾಗದಲ್ಲಿ ಏಳು ಜನ ಒಬ್ಬನ ಮೇಲೆ ಮುಗಿಬಿದ್ದಾಗ ಒಂದೇ ಕಡೆಯಿಂದ ಎಲ್ಲ ಕಾಣುವುದಿಲ್ಲ. ಅದಕ್ಕೇ ಇಷ್ಟು ಕಣ್ಣುಗಳು.

ಅಂಪೈರ್ ಕೈ ನೋಡಿ

ಸೀಟಿ ಬಿದ್ದ ಕೂಡಲೇ ರೈಡರ್‌ನನ್ನು ಬಿಟ್ಟು ಅಂಪೈರ್ ಕಡೆ ತಿರುಗಿ. ಹೆಬ್ಬೆರಳು ಮೇಲೆತ್ತಿದರೆ ಬೋನಸ್. ಬೆರಳುಗಳು ಎಷ್ಟು ಅಂಕ ಎನ್ನುತ್ತವೆ, ಕೈ ಚಾಚಿದ ದಿಕ್ಕು ಯಾರಿಗೆ ಎನ್ನುತ್ತದೆ. ಇಬ್ಬರು ಅಂಪೈರ್‌ಗಳ ಅಭಿಪ್ರಾಯ ಬೇರೆಯಾದರೆ ರೆಫ್ರಿ ತೀರ್ಮಾನಿಸುತ್ತಾರೆ. ಸುತ್ತಲಿಂದ "ಮುಟ್ಟವ್ನೆ ಕಣ್ಲಾ!" ಎಂದು ಇಡೀ ಊರು ಕೂಗುವಾಗ, ತಾನು ಕಂಡದ್ದನ್ನಷ್ಟೇ ಹೇಳಿ ಕೈ ಎತ್ತುವುದಕ್ಕೆ ಗಟ್ಟಿ ಎದೆ ಬೇಕು.

ಹೊರಗೆ ಕೂತವರನ್ನು ನೋಡಿ

ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಸಹಾಯಕ ಸ್ಕೋರರ್‌ನದು. ಔಟಾದವರನ್ನು ಹಿಂಬದಿಯ ಸಿಟ್ಟಿಂಗ್ ಬ್ಲಾಕ್‌ನಲ್ಲಿ ಔಟಾದ ಕ್ರಮದಲ್ಲೇ ಕೂರಿಸುವುದು ಅವರ ಹೊಣೆ. ಮತ್ತೆ ಒಳಗೆ ಹೋಗುವುದೂ ಅದೇ ಕ್ರಮದಲ್ಲಿ. ಒಂದು ತಂಡದ ಮೂವರು ಹೊರಗಿದ್ದಾರೆ ಎನ್ನಿ. ಅವರ ರೈಡರ್ ಬೋನಸ್ ಗೆರೆ ದಾಟಿ, ಒಬ್ಬನನ್ನು ಮುಟ್ಟಿ ಬಂದ. ಅಂಕ ಎರಡು. ಮೂವರಲ್ಲಿ ಇಬ್ಬರು ಎದ್ದು ಓಡಲು ಸಿದ್ಧರಾಗುತ್ತಾರೆ. ಸಹಾಯಕ ಸ್ಕೋರರ್ ಎರಡನೆಯವನ ಭುಜಕ್ಕೆ ಕೈ ಅಡ್ಡ ಹಿಡಿದು ಕೂರಿಸುತ್ತಾರೆ. ಬೋನಸ್ ಅಂಕಕ್ಕೆ ಯಾರೂ ಮರಳಿ ಬರುವಂತಿಲ್ಲ. ಮುಟ್ಟಿ ತಂದ ಅಂಕಕ್ಕೆ ಮಾತ್ರ ಒಬ್ಬ. ಹೊರಗೆ ಉಳಿದವನು ತಂಡದ ಒಳ್ಳೆಯ ಹಿಡಿತಗಾರನೇ ಆದರೂ ಸರತಿ ಮೀರುವಂತಿಲ್ಲ.

ತಲೆ ಎಣಿಸಿ

ಅಂಪೈರ್‌ಗಳ ಜೊತೆ ನೀವೂ ಎಣಿಸಿ. ಎದುರು ಆರು ಅಥವಾ ಏಳು ಜನರಿದ್ದರೆ ಬೋನಸ್ ಉಂಟು, ಐವರಾದರೆ ಇಲ್ಲ. ಅಂಕಣದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಿದ್ದಾಗ ರೈಡರ್‌ನನ್ನು ಹಿಡಿದರೆ ಸೂಪರ್ ಟ್ಯಾಕಲ್, ಒಂದಂಕ ಹೆಚ್ಚು. ಎಲ್ಲರೂ ಔಟಾದರೆ ಎದುರಾಳಿಗೆ ಹೆಚ್ಚುವರಿ ಎರಡಂಕ, ಏಳೂ ಜನ ಮತ್ತೆ ಒಳಗೆ. ಈ ಎಣಿಕೆ ತಲೆಯಲ್ಲಿದ್ದರೆ ಮುಂದಿನ ರೈಡರ್ ಏಕೆ ನಿಧಾನಿಸುತ್ತಾನೆ, ಏಕೆ ನುಗ್ಗುತ್ತಾನೆ ಎಂಬುದು ಮೊದಲೇ ಹೊಳೆಯುತ್ತದೆ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಮನೆಮಾತಾದ 'ಡೂ ಆರ್ ಡೈ' ಇದ್ದ ಕಡೆ ಖಾಲಿ ರೈಡ್‌ಗಳನ್ನೂ ಎಣಿಸಬೇಕು: ಎರಡು ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು.

ಗೆರೆ ದಾಟುವ ಮುನ್ನ

ಕೊನೆಗೆ ಕಿವಿ. ಎದುರಾಳಿಯ ಅಂಗಳಕ್ಕೆ ಕಾಲಿಡುವ ಮೊದಲೇ ರೈಡರ್ "ಕಬಡ್ಡಿ" ಎನ್ನಲು ಶುರು ಮಾಡಿರಬೇಕು. ತಡವಾದರೆ ಅಂಪೈರ್ ವಾಪಸ್ ಕಳಿಸುತ್ತಾರೆ, ಎದುರಾಳಿಗೆ ಒಂದಂಕವೂ ರೈಡಿನ ಸರದಿಯೂ ಸಿಗುತ್ತವೆ. ತೀರ್ಪಿಗೆ ಎದುರುತ್ತರ ಕೊಡುವವರಿಗೆ ಹಸಿರು ಕಾರ್ಡಿನ ಎಚ್ಚರಿಕೆ. ಹಳದಿಯಾದರೆ 2 ನಿಮಿಷ ಹೊರಗೆ.

ಮುಂದಿನ ಪಂದ್ಯಾವಳಿಗೆ ಹೋದಾಗ ನಡುಗೆರೆಯ ನೇರಕ್ಕೆ ಜಾಗ ಹುಡುಕಬೇಡಿ. ಮೂಲೆಯಲ್ಲಿ, ಸಿಟ್ಟಿಂಗ್ ಬ್ಲಾಕ್ ಕಾಣುವಂತೆ ಕೂತುಕೊಳ್ಳಿ. ಮೊದಲರ್ಧದ 20 ನಿಮಿಷ ಆ ಸಹಾಯಕ ಸ್ಕೋರರ್ ಒಬ್ಬರನ್ನೇ ಗಮನಿಸಿ. ಅಕ್ಕಪಕ್ಕದ ಊರುಗಳು ಹಟಕ್ಕೆ ಬಿದ್ದು ಆಡುವ ಕಡೆ ಜಗಳವಾಗದೆ ಪಂದ್ಯ ಮುಗಿದರೆ, ಅದರಲ್ಲಿ ಅರ್ಧ ಪಾಲು ಈ ಲೆಕ್ಕ ತಪ್ಪದಂತೆ ಕಾಯ್ದವರದು. ಗೆದ್ದವರಿಗೆ ಹೊಡೆಯುವ ಚಪ್ಪಾಳೆ ಅವರಿಗೂ ಸಲ್ಲಬೇಕು.