ಹದಿನೈದನೇ ದಿನದ ಮಳೆ

ಮೇ ತಿಂಗಳು ಬಂದರೆ ಸಾಕು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ನಕ್ಷೆ ಓಡಾಡತೊಡಗುತ್ತದೆ. ಅರಬ್ಬಿ ಸಮುದ್ರದ ನಡುವೆ ಕೆನ್ನೇರಳೆ ಬಣ್ಣದ ಸುಳಿ, ಮೂಲೆಯಲ್ಲಿ ಹನ್ನೆರಡು ದಿನ ಮುಂದಿನ ತಾರೀಖು, ಮೇಲೆ ‘ಕರಾವಳಿಗೆ ಗಂಡಾಂತರ’ ಎಂಬ ಒಕ್ಕಣೆ. ಬಹಳ ಸಲ ಅದು ಅಮೆರಿಕದ ಜಿಎಫ್‌ಎಸ್ ಹವಾಮಾನ ಮಾಡೆಲ್‌ನ ಒಂದೇ ಒಂದು ರನ್‌ನಿಂದ ಎತ್ತಿಕೊಂಡ ಚಿತ್ರ. ಈ ಮಾಡೆಲ್ ದಿನಕ್ಕೆ ನಾಲ್ಕು ಸಲ ಹೊಸದಾಗಿ ಲೆಕ್ಕ ಹಾಕುತ್ತದೆ. ಮುಂದಿನ ರನ್ ಬರುವಷ್ಟರಲ್ಲಿ ಸುಳಿ ಒಮಾನ್ ಕಡೆ ಸರಿದಿರುತ್ತದೆ, ಇಲ್ಲವೇ ಮಾಯವಾಗಿರುತ್ತದೆ. ಆಮೇಲೆ ಎಲ್ಲರೂ ಮಾಡೆಲನ್ನು ಬೈಯುತ್ತಾರೆ. ತಪ್ಪು ಇರುವುದು ಕೇಳಿದ ಪ್ರಶ್ನೆಯಲ್ಲಿ. ಎಷ್ಟು ದೂರದ ದಿನದ ಬಗ್ಗೆ ಕೇಳುತ್ತೀರೋ, ಪ್ರಶ್ನೆ ಅಷ್ಟು ಸ್ಥೂಲವಾಗಿರಬೇಕು. ಹವಾ ನೋಡುವ ಹುಚ್ಚು ಹಿಡಿದವರಿಗೆ ಇದೇ ಮೊದಲ ಪಾಠ.

ಇದಕ್ಕೆ ಕಾರಣ ತಿಳಿದದ್ದು 1961ರಲ್ಲಿ. ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಜ್ ಕಂಪ್ಯೂಟರಿನಲ್ಲಿ ಹವೆಯ ಲೆಕ್ಕವೊಂದನ್ನು ಮತ್ತೆ ಓಡಿಸುವಾಗ 0.506127 ಎಂಬ ಅಂಕಿಯ ಬದಲು 0.506 ಎಂದು ಕೊಟ್ಟರು. ಮೊದಮೊದಲು ಎರಡೂ ಲೆಕ್ಕ ಒಂದೇ ದಾರಿಯಲ್ಲಿ ಸಾಗಿ, ಕೊನೆಗೆ ಒಂದಕ್ಕೊಂದು ಸಂಬಂಧವೇ ಇಲ್ಲದಂತಾದವು. ಇವತ್ತಿನ ಗಾಳಿ, ತೇವ, ಉಷ್ಣತೆಯ ಅಳತೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಎರಡು ವಾರ ದಾಟುವಷ್ಟರಲ್ಲಿ ಅದು ಇಡೀ ನಕ್ಷೆಯನ್ನೇ ಕೆಡಿಸಿಬಿಡುತ್ತದೆ.

ಹಾಗಾಗಿ ಒಂದೇ ಲೆಕ್ಕವನ್ನು ನಂಬದೆ, ಆರಂಭದ ಅಂಕಿಗಳನ್ನು ಬೇಕೆಂದೇ ತುಸು ಬದಲಿಸಿ ಹಲವು ಸಲ ಓಡಿಸುವ ಪದ್ಧತಿ ಬಂತು. ಇದಕ್ಕೆ ಎನ್‌ಸೆಂಬಲ್ ಎನ್ನುತ್ತಾರೆ. ಯುರೋಪಿನ ಇಸಿಎಂಡಬ್ಲ್ಯುಎಫ್ ಕೇಂದ್ರ 1992ರಿಂದ ಇದನ್ನು ಮಾಡುತ್ತಿದೆ. ಈಗ ಪ್ರತಿ ಸಲ 51 ಲೆಕ್ಕ, ಹದಿನೈದು ದಿನದವರೆಗೆ. ನಿಮ್ಮ ಊರಿನ ಎನ್‌ಸೆಂಬಲ್ ಗೆರೆಚಿತ್ರ ತೆರೆದು ನೋಡಿ. ಮೊದಲ ಮೂರು ದಿನ ಗೆರೆಗಳೆಲ್ಲ ಒತ್ತಾಗಿ ಸಾಗುತ್ತವೆ, ವಾರ ಕಳೆದಂತೆ ಪೊರಕೆ ಕಡ್ಡಿಯ ಹಾಗೆ ಕೆದರಿಕೊಳ್ಳುತ್ತವೆ. ನೋಡಬೇಕಾದದ್ದು ಆ ಕೆದರಿಕೆಯನ್ನೇ. ಎಂಟನೇ ದಿನ ನಲವತ್ತು ಗೆರೆಗಳು ಮಳೆ ಎಂದರೆ ಕಿವಿಗೊಡಿ. ಹದಿನೈದು ಗೆರೆ ಮಾತ್ರ ಎಂದರೆ ಸುಮ್ಮನೆ ಗಮನದಲ್ಲಿಡಿ. ಮೊಬೈಲಿನ ಹವಾಮಾನ ಆ್ಯಪ್ ಇದನ್ನೆಲ್ಲ ಮುಚ್ಚಿಟ್ಟು, ಹದಿನಾಲ್ಕನೇ ದಿನಕ್ಕೂ ಒಂದು ಮೋಡ, ನಾಲ್ಕು ಹನಿ ಬರೆದು ಕೈತೊಳೆದುಕೊಳ್ಳುತ್ತದೆ.

ಮಲೆನಾಡಿನ ಅಡಿಕೆ ಬೆಳೆಗಾರರ ಜುಲೈ ತಿಂಗಳ ಲೆಕ್ಕಾಚಾರವನ್ನೇ ತೆಗೆದುಕೊಳ್ಳಿ. ಕೊಳೆ ರೋಗಕ್ಕೆ ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಯಬೇಕು. ಅದಕ್ಕೆ ಹೊಳವು ಬೇಕು, ಹೊಡೆದ ಮೇಲೆ ಗೊನೆ ಒಣಗಲು ಒಂದಷ್ಟು ಹೊತ್ತು ಬೇಕು. ‘ಇಪ್ಪತ್ತನೇ ತಾರೀಖು ಬಿಸಿಲುಂಟೋ?’ ಎಂದು ಹತ್ತು ದಿನ ಮೊದಲೇ ಕೇಳಿದರೆ ಯಾವ ಮಾಡೆಲ್‌ಗೂ ಗೊತ್ತಿಲ್ಲ. ‘ಆ ವಾರದಲ್ಲಿ ಮಳೆ ಕಮ್ಮಿಯಾದೀತೋ?’ ಎಂದು ಕೇಳಿದರೆ ಎನ್‌ಸೆಂಬಲ್ ಉತ್ತರ ಕೊಟ್ಟೀತು. ಆದೀತು ಎಂದು ಕಂಡರೆ ಮೈಲುತುತ್ತ, ಸುಣ್ಣ ತಂದಿಟ್ಟು ಕೊನೆಗಾರನಿಗೆ ಹೇಳಿಡಬಹುದು. ಮೂರು ದಿನ ಇರುವಾಗ ಇಸಿಎಂಡಬ್ಲ್ಯುಎಫ್, ಜಿಎಫ್‌ಎಸ್, ಜರ್ಮನಿಯ ಐಕಾನ್ ಮೂರನ್ನೂ ವಿಂಡಿ ಜಾಲತಾಣದಲ್ಲಿ ಅಕ್ಕಪಕ್ಕ ಹೋಲಿಸಿ ದಿನ ಗಟ್ಟಿ ಮಾಡಿಕೊಳ್ಳುವುದು. ಹೊಡೆಯುವ ದಿನ ಬೆಳಿಗ್ಗೆ ಮಾಡೆಲ್ ಮುಚ್ಚಿಟ್ಟು ಉಪಗ್ರಹ ಚಿತ್ರ ನೋಡುವುದು. ಅಂದ ಹಾಗೆ ನಕ್ಷೆಯಲ್ಲಿ ‘00 ಯುಟಿಸಿ’ ಎಂದಿದ್ದರೆ ನಮ್ಮ ಬೆಳಗಿನ ಐದೂವರೆ ಎಂದು ಓದಿಕೊಳ್ಳಿ.

ಘಟ್ಟದವರು ಇನ್ನೊಂದು ಎಚ್ಚರ ವಹಿಸಬೇಕು. ಯುರೋಪಿನ ಮಾಡೆಲ್ ಭೂಮಿಯನ್ನು ಸುಮಾರು ಒಂಬತ್ತು ಕಿ.ಮೀ. ಚೌಕಗಳಾಗಿ ನೋಡುತ್ತದೆ, ಜಿಎಫ್‌ಎಸ್ ಹದಿಮೂರರ ಆಸುಪಾಸು. ಅಷ್ಟಗಲದ ಚೌಕದಲ್ಲಿ ಸಹ್ಯಾದ್ರಿಯ ಕಡಿದಾದ ಗೋಡೆ ತಗ್ಗಿ ದಿಬ್ಬದಂತಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ಮೂವತ್ತು ಚಿಲ್ಲರೆ ಕಿ.ಮೀ. ಆಚೆಯ ತೀರ್ಥಹಳ್ಳಿಯಲ್ಲಿ ಅದರ ಅರ್ಧವೂ ಇಲ್ಲ. ಈ ವ್ಯತ್ಯಾಸ ನಕ್ಷೆಯಲ್ಲಿ ಸಲೀಸಾಗಿ ಕರಗಿಹೋಗುತ್ತದೆ. 2025ರ ಮೇ ತಿಂಗಳಲ್ಲಿ ಬಂದ ನಮ್ಮದೇ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಆರು ಕಿ.ಮೀ. ಚೌಕದ್ದು, ಹಾಗಾಗಿ ಅದರ ಮೇಲೊಂದು ಕಣ್ಣಿಟ್ಟಿರುವುದು ಒಳ್ಳೆಯದು.

ಎರಡು ವಾರದಾಚೆಗೆ ದಿನವನ್ನು ಬಿಟ್ಟು ವಾರವನ್ನು ಕೇಳಬೇಕು. ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರಗಳ ಮುನ್ಸೂಚನೆ ಹೊರಡಿಸುತ್ತದೆ. ವಾಡಿಕೆಗಿಂತ ಹೆಚ್ಚೋ ಕಮ್ಮಿಯೋ ಎನ್ನುವುದಷ್ಟೇ ಅದರಲ್ಲಿ ತಿಳಿಯುವುದು. ಜೊತೆಗೆ ಎಂಜೆಒ ಎಲ್ಲಿದೆ ನೋಡಿ. ಸಮಭಾಜಕದ ಉದ್ದಕ್ಕೂ ಪೂರ್ವಕ್ಕೆ ಸರಿಯುತ್ತ ಮೂವತ್ತರಿಂದ ಅರವತ್ತು ದಿನಕ್ಕೊಂದು ಸುತ್ತು ಹಾಕುವ ಮೋಡಗಳ ಅಲೆ ಅದು. ಹಿಂದೂ ಮಹಾಸಾಗರಕ್ಕೆ ಅದು ಬಂದಾಗ ಮುಂಗಾರು ಚುರುಕಾಗುವ ಸಂಭವ ಹೆಚ್ಚು.

ಇಡೀ ಮಳೆಗಾಲದ ಮುನ್ಸೂಚನೆಯನ್ನು ಇನ್ನೂ ಸಡಿಲವಾಗಿ ಹಿಡಿಯಬೇಕು. 2002ರಲ್ಲಿ ದೇಶಕ್ಕೆ ವಾಡಿಕೆಯ ಶೇ 101ರಷ್ಟು ಮಳೆ ಎಂದಿದ್ದರು, ಸುರಿದದ್ದು ಶೇ 81. ಆಗಿನಿಂದ ವಿಧಾನಗಳು ಎಷ್ಟೋ ಸುಧಾರಿಸಿವೆ. ಆದರೆ ಏಪ್ರಿಲ್ಲಿನಲ್ಲಿ ಹೇಳುವ ಆ ಶೇಕಡಾವಾರು ಈಗಲೂ ದೇಶದ ಸರಾಸರಿಯೇ. ಅದನ್ನು ನೋಡಿ ನಿಮ್ಮ ಹೋಬಳಿಯಲ್ಲಿ ಬಿತ್ತನೆ ನಿರ್ಧರಿಸುವಂತಿಲ್ಲ.

‘ಯಾವ ಮಾಡೆಲ್ ಒಳ್ಳೆಯದು ಸ್ವಾಮಿ?’ ಎಂದು ಓದುಗರು ಕೇಳುತ್ತಲೇ ಇರುತ್ತಾರೆ. ಲೋಕದ ಲೆಕ್ಕದಲ್ಲಿ ಯುರೋಪಿನದಕ್ಕೆ ಮೊದಲ ಮಣೆ. ನಿಮ್ಮ ಅಂಗಳದ ಲೆಕ್ಕ ಬೇರೆ ಇರಬಹುದು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಹೂಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಟ್ಟ ತಲೆಮಾರುಗಳ ಪುಸ್ತಕಗಳಿವೆ. ನೀವೂ ಒಂದು ಮಳೆಮಾಪಕ ತಂದು ನೆಡಿ. ಪುಸ್ತಕದ ಒಂದು ಕಾಲಂನಲ್ಲಿ ಬಿದ್ದ ಮಳೆ, ಪಕ್ಕದ ಕಾಲಂಗಳಲ್ಲಿ ಮೂರು ದಿನ ಮತ್ತು ಏಳು ದಿನ ಮೊದಲು ಪ್ರತಿ ಮಾಡೆಲ್ ಹೇಳಿದ್ದು. ಒಂದು ಮಳೆಗಾಲ ಇಷ್ಟು ಬರೆದರೆ ಯಾವುದು ನಿಮ್ಮೂರಿನಲ್ಲಿ ಹೆಚ್ಚು ಹೇಳುತ್ತದೆ, ಯಾವುದು ಕಡಿಮೆ ಹೇಳುತ್ತದೆ ಎಂಬುದು ನಿಮಗೇ ಗೊತ್ತಾಗುತ್ತದೆ. ಆಮೇಲೆ ನನ್ನನ್ನು ಕೇಳುವ ಅಗತ್ಯ ಇರುವುದಿಲ್ಲ.